ಕಾಫಿ ಕಣದ ಮಳೆಗಂಟೆ: ಸ್ಟ್ರಿಪ್‌ಬೋರ್ಡ್ ನಕ್ಷೆ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಣದಲ್ಲಿ ಕಾಫಿ ಹರಡಿರುವಷ್ಟು ದಿನ ಕೊಡಗಿನ ಮನೆಗಳಲ್ಲಿ ಎಲ್ಲರ ಒಂದು ಕಣ್ಣು ಆಕಾಶದ ಮೇಲೇ ಇರುತ್ತದೆ. ರೋಬಸ್ಟಾದ ಕೊನೆಯ ಕೊಯ್ಲು ಕಣದಲ್ಲಿರುವಾಗಲೇ ಕಾಫಿ ಗಿಡಕ್ಕೆ ಹೂ ತರಿಸುವ ಹೂಮಳೆ ಬಂದರೆ ಗಿಡಕ್ಕೆ ಅದು ವರ, ಒಣಗುತ್ತಿರುವ ಚೆರಿಗೆ, ಅಂದರೆ ಕಾಫಿ ಹಣ್ಣಿಗೆ, ಶಾಪ. ಮೊದಲ ಹನಿ ಬಿದ್ದ ಕೂಡಲೇ ಮನೆಯೊಳಗೆ ಕೂಗಿ ಎಬ್ಬಿಸುವ ಒಂದು ಪುಟ್ಟ ಮಳೆಗಂಟೆಯನ್ನು ನಾನು ಕೆಲವು ವರ್ಷಗಳಿಂದ ನೆಂಟರಿಗೆ, ನೆರೆಯವರಿಗೆ ಮಾಡಿಕೊಡುತ್ತಿದ್ದೇನೆ. ಕೇಳಿದವರಿಗೆ ಕಲಿಸುತ್ತಲೂ ಇದ್ದೇನೆ. ಸರ್ಕ್ಯೂಟ್ ಅರ್ಥವಾಗದೆ ಸೋತವರು ಕಡಿಮೆ. ಸರ್ಕ್ಯೂಟಿನ ಚಿತ್ರವನ್ನು ತಾಮ್ರದ ಪಟ್ಟಿಗಳ ಮೇಲೆ ಕೂರಿಸುವ ಹೊತ್ತಿಗೆ ಕೈಚೆಲ್ಲಿದವರೇ ಹೆಚ್ಚು. ಆ ನಡುವಿನ ಹೆಜ್ಜೆಯ ಬಗ್ಗೆ ಬಂದ ಪ್ರಶ್ನೆಗಳೇ ಇಲ್ಲಿರುವುದು.

ಸ್ಟ್ರಿಪ್‌ಬೋರ್ಡ್ ಅಂದರೇನು? ಅಂಗಡಿಯಲ್ಲಿ ಏನೆಂದು ಕೇಳಬೇಕು?

ಒಂದು ಮುಖ ಬರಿದು, ಇನ್ನೊಂದು ಮುಖದ ಮೇಲೆ ಉದ್ದಕ್ಕೆ ತಾಮ್ರದ ಪಟ್ಟಿಗಳು. ಪ್ರತಿ ಪಟ್ಟಿಯಲ್ಲಿ 2.54 ಮಿಲಿಮೀಟರಿಗೊಂದು, ಅಂದರೆ ಇಂಚಿನ ಹತ್ತನೇ ಒಂದು ಭಾಗಕ್ಕೊಂದು ತೂತು. ಒಂದೇ ಪಟ್ಟಿಯ ತೂತುಗಳೆಲ್ಲ ವಿದ್ಯುತ್ತಿನ ಮಟ್ಟಿಗೆ ಒಂದೇ ಜಾಗ, ಪಕ್ಕದ ಪಟ್ಟಿ ಬೇರೆ ಜಾಗ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವೆರೊ ಪ್ರಿಸಿಷನ್ ಇಂಜಿನಿಯರಿಂಗ್ ಕಂಪನಿ ಇದನ್ನು ತಂದಿದ್ದರಿಂದ ಹಳೆಯ ಮೆಕ್ಯಾನಿಕ್‌ಗಳು ಇವತ್ತಿಗೂ 'ವೆರೋ ಬೋರ್ಡ್' ಎನ್ನುತ್ತಾರೆ.

ಅಂಗಡಿಯಲ್ಲಿ ಎಚ್ಚರ ಬೇಕು. 'ಝೀರೋ ಪಿಸಿಬಿ' ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಚುಕ್ಕಿ ಬೋರ್ಡ್. ಅದರಲ್ಲಿ ಪ್ರತಿ ತೂತಿಗೂ ಬೇರೆ ಬೇರೆ ತಾಮ್ರದ ಉಂಗುರ ಇರುತ್ತದೆ, ಪಟ್ಟಿ ಇರುವುದಿಲ್ಲ. ಅದರ ಮೇಲೂ ಸರ್ಕ್ಯೂಟ್ ಕಟ್ಟಬಹುದು, ಆದರೆ ಇಲ್ಲಿನ ನಕ್ಷೆ ಅದಕ್ಕೆ ಹೊಂದುವುದಿಲ್ಲ. ಬೋರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ, ಪಟ್ಟಿಗಳು ಒಂದಂಚಿನಿಂದ ಇನ್ನೊಂದಂಚಿನವರೆಗೆ ತುಂಡಾಗದೆ ಓಡಿವೆಯೇ ನೋಡಿ. ಮಡಿಕೇರಿ, ಕುಶಾಲನಗರದಲ್ಲಿ ಸಿಗದೆ ಹೋದರೆ ಮೈಸೂರಿಗೆ ಹೋಗುವವರ ಕೈಯಲ್ಲಿ ತರಿಸಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಂತೂ ಎಲ್ಲ ಅಳತೆಯವೂ ಇವೆ. ಕಂದು ಬಣ್ಣದ್ದು ಅಗ್ಗ, ಆದರೆ ಕೊಯ್ಯುವಾಗ ಬೇಗ ಬಿರುಕು ಬಿಡುತ್ತದೆ. ಫೈಬರ್ ಗಾಜಿನದು ಗಟ್ಟಿ.

ನಕ್ಷೆ ಯಾತಕ್ಕೆ? ಚಿತ್ರ ನೋಡಿಕೊಂಡು ನೇರ ಬೆಸುಗೆ ಹಾಕಿದರೆ ಆಗದೇ?

ಮೂರು ನಾಲ್ಕು ಬಿಡಿಭಾಗಗಳಿದ್ದರೆ ಆದೀತು. ಐಸಿ, ಅಂದರೆ ಹಲವು ಕಾಲುಗಳ ಪುಟ್ಟ ಚಿಪ್, ಬಂದ ಕೂಡಲೇ ಆಗುವುದಿಲ್ಲ. ಸರ್ಕ್ಯೂಟಿನ ಚಿತ್ರ ಯಾವುದು ಯಾವುದಕ್ಕೆ ಸೇರಬೇಕು ಎಂಬುದನ್ನಷ್ಟೇ ಹೇಳುತ್ತದೆ. ಎಲ್ಲಿ ಕೂರಬೇಕು ಎಂಬುದು ಅದರಲ್ಲಿಲ್ಲ. ಚಿತ್ರದಲ್ಲಿ 555 ಎಂಬ ಐಸಿಯ ಕಾಲುಗಳನ್ನು ಬರೆಯುವವರ ಅನುಕೂಲಕ್ಕೆ ಹೇಗೆ ಬೇಕೋ ಹಾಗೆ ತೋರಿಸಿರುತ್ತಾರೆ. ನಿಜವಾದ ಐಸಿಯಲ್ಲಿ ಅವು ಆ ಕ್ರಮದಲ್ಲಿ ಇರುವುದೇ ಇಲ್ಲ.

ಒಂದು ಸಂಜೆಯ ಕೆಲಸವಿದ್ದರೆ ಅದರ ಮುಕ್ಕಾಲು ಪಾಲು ಪೆನ್ಸಿಲ್ಲಿಗೆ, ಕಾಲು ಪಾಲು ಸೋಲ್ಡರಿಂಗ್ ಐರನ್ನಿಗೆ. ಹೀಗೆ ಹಂಚಿಕೊಂಡ ಬೋರ್ಡುಗಳೇ ನನ್ನಲ್ಲಿ ಮೊದಲ ಸಲಕ್ಕೆ ಓಡಿರುವುದು. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಆ ಹೊತ್ತಲ್ಲೂ ಪೆನ್ಸಿಲ್ ಕೆಲಸ ನಡೆಯುತ್ತದೆ.

ನಿಮ್ಮ ಮಳೆಗಂಟೆಯ ಸರ್ಕ್ಯೂಟ್ ಏನು?

ಹೃದಯ 555 ಟೈಮರ್. ಹಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಇಂಜಿನಿಯರ್ ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದ ಇದು 1972ರಲ್ಲಿ ಮಾರುಕಟ್ಟೆಗೆ ಬಂತು, ಈಗಲೂ ಚಿಲ್ಲರೆ ಕಾಸಿಗೆ ಸಿಗುತ್ತದೆ. 4.5ರಿಂದ 16 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ, ನಾವು 9 ವೋಲ್ಟ್ ಕೊಡುತ್ತೇವೆ.

1ನೇ ಕಾಲು ಗ್ರೌಂಡಿಗೆ, 8ನೇ ಕಾಲು ಪ್ಲಸ್ಸಿಗೆ. ಪ್ಲಸ್ಸಿನಿಂದ 7ನೇ ಕಾಲಿಗೆ 10ಕೆ (ಹತ್ತು ಸಾವಿರ ಓಮ್) ರೆಸಿಸ್ಟರ್, 7ರಿಂದ 6ಕ್ಕೆ 22ಕೆ. 6 ಮತ್ತು 2 ಒಂದಕ್ಕೊಂದು ಸೇರಬೇಕು. 2ರಿಂದ ಗ್ರೌಂಡಿಗೆ 103 ಎಂದು ಬರೆದಿರುವ ಡಿಸ್ಕ್ ಕೆಪಾಸಿಟರ್, ಅಂದರೆ 10 ನ್ಯಾನೋಫ್ಯಾರಡ್. 5ರಿಂದ ಗ್ರೌಂಡಿಗೂ ಅಂಥದ್ದೇ ಇನ್ನೊಂದು. ವೋಲ್ಟ್ ಅಲುಗಾಡದಿರಲು ಪ್ಲಸ್ಸು ಗ್ರೌಂಡಿನ ನಡುವೆ 104 ಎಂದು ಬರೆದಿರುವ ಕೆಪಾಸಿಟರ್ ಒಂದು, 100 ಮೈಕ್ರೋಫ್ಯಾರಡಿನದು ಒಂದು. 3ನೇ ಕಾಲಿನಿಂದ ಗ್ರೌಂಡಿಗೆ ಪೀಜೋ ಡಿಸ್ಕ್, ಅಂದರೆ ಸದ್ದು ಮಾಡುವ ತೆಳು ಬಿಲ್ಲೆ. ಸದ್ದಿನ ಲೆಕ್ಕ ಸರಳ: 1.44 ಅನ್ನು, ಮೊದಲ ರೆಸಿಸ್ಟರಿಗೆ ಎರಡನೆಯದರ ಇಮ್ಮಡಿ ಕೂಡಿಸಿ ಕೆಪಾಸಿಟರಿನಿಂದ ಗುಣಿಸಿದ ಮೊತ್ತದಿಂದ ಭಾಗಿಸಿ. ಸುಮಾರು 2,670 ಹರ್ಟ್ಸ್ ಬರುತ್ತದೆ. ಪೀಜೋ ಡಿಸ್ಕುಗಳು ಜೋರಾಗಿ ಕೂಗುವುದು ಹೆಚ್ಚಾಗಿ ಈ ಆಸುಪಾಸಿನಲ್ಲೇ.

ಸುಮ್ಮನಿರಿಸುವ ಕೆಲಸ 4ನೇ ಕಾಲಿನದು. ಅದನ್ನು 470 ಓಮ್ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಎಳೆದಿಟ್ಟಿರುವಷ್ಟು ಹೊತ್ತು 555 ಮೌನ. ಬಿಸಿ547 ಟ್ರಾನ್ಸಿಸ್ಟರಿನ ಎಮಿಟರ್ ಇದೇ 4ನೇ ಕಾಲಿಗೆ, ಕಲೆಕ್ಟರ್ ಪ್ಲಸ್ಸಿಗೆ, ಬೇಸ್ 10ಕೆ ಮೂಲಕ ಮಳೆತಟ್ಟೆಗೆ, ಅಂದರೆ ಹನಿ ಬೀಳಲೆಂದು ಹೊರಗಿಡುವ ತಾಮ್ರದ ಪಟ್ಟಿಗಳ ತುಂಡಿಗೆ. ಮಳೆತಟ್ಟೆಯ ಇನ್ನೊಂದು ತಂತಿ ಪ್ಲಸ್ಸಿಗೆ. ಹನಿ ಬಿದ್ದರೆ ಬೇಸಿಗೆ ಚೂರು ಕರೆಂಟು ಹರಿಯುತ್ತದೆ, ಟ್ರಾನ್ಸಿಸ್ಟರ್ 4ನೇ ಕಾಲನ್ನು ಮೇಲೆತ್ತುತ್ತದೆ, ಗಂಟೆ ಕೂಗುತ್ತದೆ. 470ರ ಬದಲು ದೊಡ್ಡ ರೆಸಿಸ್ಟರ್ ಹಾಕಬೇಡಿ. ಸಾಮಾನ್ಯ 555ರ 4ನೇ ಕಾಲು ತಾನೇ ಸ್ವಲ್ಪ ಕರೆಂಟನ್ನು ಹೊರಗೆ ತಳ್ಳುತ್ತದೆ, 100ಕೆ ಹಾಕಿದರೆ ಅದು ಕೆಳಗಿಳಿಯುವುದೇ ಇಲ್ಲ, ಬಿಸಿಲಲ್ಲೂ ಗಂಟೆ ಬಡಿಯುತ್ತದೆ.

ಮೊದಲು ಬ್ರೆಡ್‌ಬೋರ್ಡ್ ಮೇಲೆ ಮಾಡಿ ನೋಡಬೇಕೇ?

ನೋಡಲೇಬೇಕು. ಬ್ರೆಡ್‌ಬೋರ್ಡ್ ಎಂದರೆ ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಪರೀಕ್ಷಿಸುವ ಹಲಗೆ. ಇದಕ್ಕೆ ಎರಡನೇ ಮಾತಿಲ್ಲ. ನಕ್ಷೆಯಲ್ಲಿ ತಪ್ಪೋ ಸರ್ಕ್ಯೂಟಿನಲ್ಲಿ ತಪ್ಪೋ ಎಂಬ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ನಕ್ಷೆ ಯಾವುದರ ಮೇಲೆ ಬರೆಯುವುದು?

ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕ ಸಾಕು. ಗೆರೆಗಳು ಕೂಡುವ ಒಂದೊಂದು ಮೂಲೆಯೂ ಒಂದೊಂದು ತೂತು. ಅಡ್ಡಗೆರೆಗಳೆಲ್ಲ ಪಟ್ಟಿಗಳು. ಚುಕ್ಕಿ ರಂಗೋಲಿ ಹಾಕಿ ಅಭ್ಯಾಸವಿರುವವರು ಇದನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತಾರೆ. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಎಂದು ಎಣಿಸುವ ಕಣ್ಣು ಅವರಿಗೆ ಆಗಲೇ ಪಳಗಿರುತ್ತದೆ.

ಪಟ್ಟಿಗಳಿಗೆ ಮೇಲಿನಿಂದ ಕೆಳಕ್ಕೆ ಕ, ಖ, ಗ, ಘ, ಙ, ಚ, ಛ, ಜ ಎಂದು ಹೆಸರಿಡಿ. ತೂತುಗಳಿಗೆ ಎಡದಿಂದ ಬಲಕ್ಕೆ 1, 2, 3. ಆಗ 'ಗ9' ಅಂದರೆ ಇಡೀ ಬೋರ್ಡಿನಲ್ಲಿ ಒಂದೇ ತೂತು. ಫೋನಿನಲ್ಲಿ ಕೂಡ ಹೇಳಬಹುದು. ಪೆನ್ನು ಬೇಡ, ಪೆನ್ಸಿಲ್ಲು ಮತ್ತು ಒಳ್ಳೆಯ ರಬ್ಬರು. ಬಿಡಿಭಾಗಗಳಿಗೆ ಕಪ್ಪು, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರುವ ಜಂಪರ್ ತಂತಿಗಳಿಗೆ ನೀಲಿ, ಪಟ್ಟಿ ಕಡಿಯುವ ಜಾಗಕ್ಕೆ ಕೆಂಪು ಅಡ್ಡಗುರುತು. ಕಂಪ್ಯೂಟರಿನಲ್ಲೇ ಬರೆಯುವ ಆಸೆಯಿದ್ದರೆ ಡಿಐವೈ ಲೇಔಟ್ ಕ್ರಿಯೇಟರ್ ಎಂಬ ಉಚಿತ ತಂತ್ರಾಂಶವಿದೆ. ಆದರೆ ಮೊದಲ ಎರಡು ಮೂರು ನಕ್ಷೆಗಳನ್ನು ಕೈಯಲ್ಲೇ ಬರೆಯಿರಿ ಎನ್ನುತ್ತೇನೆ. ಅಳಿಸಿ ಬರೆದ ಜಾಗ ನೆನಪಿನಲ್ಲಿ ಉಳಿಯುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಐಸಿಯಿಂದ. ಉಳಿದದ್ದೆಲ್ಲ ಅದರ ಸುತ್ತ ಬರುತ್ತದೆ.

555ರ ಎರಡು ಸಾಲು ಕಾಲುಗಳ ನಡುವಿನ ಅಂತರ 7.62 ಮಿಲಿಮೀಟರ್, ಅಂದರೆ ಸರಿಯಾಗಿ ಮೂರು ತೂತಿನ ಹೆಜ್ಜೆ. ಐಸಿಯ ಉದ್ದ ಪಟ್ಟಿಗಳಿಗೆ ಅಡ್ಡವಾಗಿರುವಂತೆ ಕೂರಿಸಬೇಕು. ಆಗ ನಾಲ್ಕು ಪಟ್ಟಿಗಳ ಮೇಲೆ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಕಾಲು. ಎದುರುಬದುರು ಕಾಲುಗಳು ಒಂದೇ ಪಟ್ಟಿಯ ಮೇಲಿರುವುದರಿಂದ 1 ಮತ್ತು 8 ಒಂದಕ್ಕೊಂದು ತಗುಲಿ ಪ್ಲಸ್ಸು ಗ್ರೌಂಡು ಒಂದಾಗುತ್ತವೆ. ಅದಕ್ಕೇ ನಡುವಿನ ಎರಡು ತೂತುಗಳಲ್ಲಿ ಒಂದರ ಸುತ್ತ ತಾಮ್ರವನ್ನು ಕೆರೆದು ಪಟ್ಟಿಯನ್ನು ತುಂಡು ಮಾಡಬೇಕು. ಉದ್ದುದ್ದ ಕೂರಿಸಿದರೆ ಒಂದು ಸಾಲಿನ ನಾಲ್ಕೂ ಕಾಲು ಒಂದೇ ಪಟ್ಟಿಗೆ ಬೀಳುತ್ತವೆ, ಕಡಿಯಲು ನಡುವೆ ಜಾಗವೇ ಇರುವುದಿಲ್ಲ.

ಐಸಿ ಕೂತ ಮೇಲೆ ಪ್ಲಸ್ಸಿಗೊಂದು, ಗ್ರೌಂಡಿಗೊಂದು ಪೂರ್ತಿ ಪಟ್ಟಿ ಕೊಡಿ. ಇವೆರಡಕ್ಕೆ ಅತಿ ಹೆಚ್ಚು ಕಾಲುಗಳು ಬಂದು ಸೇರುತ್ತವೆ. ಬೋರ್ಡಿನ ಎರಡು ತುದಿಗೆ ಒಂದೊಂದು ಇಡುವುದು ಹಲವರ ಪದ್ಧತಿ. ಈ ಸರ್ಕ್ಯೂಟಿನಲ್ಲಿ 1 ಮತ್ತು 8 ಎರಡೂ ಐಸಿಯ ಮೇಲ್ತುದಿಯಲ್ಲೇ ಇರುವುದರಿಂದ ನಾನು ಎರಡನ್ನೂ ಮೇಲೇ ಇಟ್ಟೆ, ಜಂಪರ್‌ಗಳು ಗಿಡ್ಡವಾದವು.

ಪೂರ್ತಿ ನಕ್ಷೆಯನ್ನು ತೂತು ತೂತಾಗಿ ಹೇಳುತ್ತೀರಾ?

ಎಂಟು ಪಟ್ಟಿ, ಪ್ರತಿಯೊಂದರಲ್ಲಿ 22 ತೂತು. ಸುಮಾರು 20 ಮಿ.ಮೀ. ಅಗಲ, 56 ಮಿ.ಮೀ. ಉದ್ದ. ಎಲ್ಲವೂ ಬರಿದು ಮುಖದಿಂದ, ಅಂದರೆ ಬಿಡಿಭಾಗಗಳ ಕಡೆಯಿಂದ ನೋಡಿದಂತೆ.

ಕ ಪೂರ್ತಿ ಪ್ಲಸ್. ಖ ಪೂರ್ತಿ ಗ್ರೌಂಡ್. ಗ, ಘ, ಙ, ಚ ಐಸಿಗೆ. ಛ ಟ್ರಾನ್ಸಿಸ್ಟರಿನ ಬೇಸಿಗೆ. ಜ ಕಲೆಕ್ಟರಿಗೆ.

ಐಸಿಯ ಒಂದು ತುದಿಯಲ್ಲಿರುವ ಕಚ್ಚು ಕ ಪಟ್ಟಿಯ ಕಡೆಗೆ. 1, 2, 3, 4ನೇ ಕಾಲುಗಳು ಗ10, ಘ10, ಙ10, ಚ10ರಲ್ಲಿ. 8, 7, 6, 5ನೇ ಕಾಲುಗಳು ಗ13, ಘ13, ಙ13, ಚ13ರಲ್ಲಿ.

ಕಡಿತಗಳು ಐದು: ಗ11, ಘ12, ಙ11, ಚ11, ಛ16.

ಘ ಮಾತ್ರ ಯಾಕೆ 12 ಎಂದು ಎಲ್ಲರೂ ಕೇಳುತ್ತಾರೆ. ಈ ನಕ್ಷೆಯಲ್ಲಿ ನನಗೆ ಬಲು ಇಷ್ಟವಾದ ಜಾಗ ಇದೇ. 2ನೇ ಕಾಲು ಎಡಗಡೆ ಘ ಪಟ್ಟಿಯಲ್ಲಿದೆ, 6ನೇ ಕಾಲು ಬಲಗಡೆ ಙ ಪಟ್ಟಿಯಲ್ಲಿದೆ, ಎರಡೂ ಸೇರಬೇಕು. ಐಸಿಯ ಮೇಲಿಂದ ತಂತಿ ಹಾರಿಸಿದರೆ ಐಸಿ ತೆಗೆಯುವಾಗಲೆಲ್ಲ ಅಡ್ಡ. ಘ ಪಟ್ಟಿಯನ್ನು 12ರಲ್ಲಿ ಕಡಿದರೆ ಘ11 ಎಡಗಡೆಗೆ, ಅಂದರೆ 2ನೇ ಕಾಲಿಗೆ ಸೇರಿ ಉಳಿಯುತ್ತದೆ. ಙ ಪಟ್ಟಿಯನ್ನು 11ರಲ್ಲಿ ಕಡಿದರೆ ಙ12 ಬಲಗಡೆಗೆ, ಅಂದರೆ 6ನೇ ಕಾಲಿಗೆ ಉಳಿಯುತ್ತದೆ. ಘ11ರಿಂದ ಙ12ಕ್ಕೆ ನಾಲ್ಕು ಮಿಲಿಮೀಟರೂ ಇಲ್ಲದ ಓರೆ ತಂತಿ, ಐಸಿ ಸಾಕೆಟ್ಟಿನ ಹೊಟ್ಟೆಯ ಕೆಳಗೆ. ನಡುವೆ ತೆರೆದಿರುವ ಸಾಕೆಟ್ ತನ್ನಿ, ಸಾಕೆಟ್ಟಿಗಿಂತ ಮೊದಲು ಈ ತಂತಿ ಬೆಸೆಯಿರಿ.

ಉಳಿದ ಜಂಪರ್‌ಗಳು ಮೂರು: ಖ9–ಗ9, ಕ14–ಗ14, ಕ21–ಜ21.

ರೆಸಿಸ್ಟರ್‌ಗಳು: 10ಕೆ ಗ17–ಘ17 ನಿಲ್ಲಿಸಿ, 22ಕೆ ಘ19–ಙ19 ನಿಲ್ಲಿಸಿ, 470 ಓಮ್ ಖ5–ಚ5 ಮಲಗಿಸಿ. ಬೇಸಿನ 10ಕೆ ಛ14–ಛ18, ಪಟ್ಟಿಯ ಉದ್ದಕ್ಕೇ ಮಲಗಿಸಿ. ಅದರ ಹೊಟ್ಟೆಯ ಕೆಳಗೇ ಛ16ರ ಕಡಿತವಿದೆ. ಆ ಕಡಿತ ಮರೆತರೆ ಕರೆಂಟು ರೆಸಿಸ್ಟರನ್ನು ಬಿಟ್ಟು ತಾಮ್ರದಲ್ಲೇ ಹೋಗಿಬಿಡುತ್ತದೆ.

ಕೆಪಾಸಿಟರ್‌ಗಳು: 103 ಒಂದು ಖ8–ಘ8, ಇನ್ನೊಂದು ಖ15–ಚ15. 104 ಎಂದು ಬರೆದಿರುವುದು ಕ12–ಖ12. 100 ಮೈಕ್ರೋಫ್ಯಾರಡ್, 16 ಅಥವಾ 25 ವೋಲ್ಟಿನದು, ಪ್ಲಸ್ ಕಾಲು ಕ3, ಮೈನಸ್ ಖ3.

ಟ್ರಾನ್ಸಿಸ್ಟರ್: ಎಮಿಟರ್ ಚ3, ಬೇಸ್ ಛ3, ಕಲೆಕ್ಟರ್ ಜ3. ಚಪ್ಪಟೆ ಮುಖ ಬಲಕ್ಕೆ.

ಹೊರತಂತಿಗಳು: ಬ್ಯಾಟರಿ ಪ್ಲಸ್ ಕ1, ಮೈನಸ್ ಖ1. ಪೀಜೋ ಙ1 ಮತ್ತು ಗ1. ಮಳೆತಟ್ಟೆ ಛ22 ಮತ್ತು ಜ22.

ತಾಮ್ರದ ಕಡೆ ತಿರುಗಿಸಿದರೆ ಎಲ್ಲ ಅದಲುಬದಲು. ಹೇಗೆ ನೆನಪಿಡುವುದು?

ಹೆಚ್ಚು ಬೋರ್ಡುಗಳು ಹಾಳಾಗುವುದು ಇಲ್ಲೇ. ನಾನು ಹೈಸ್ಕೂಲಿನಲ್ಲಿದ್ದಾಗ ಕಟ್ಟಿದ ಮೊದಲ ಬೋರ್ಡು ಎಲ್ಎಂ386 ಐಸಿಯ ಪುಟ್ಟ ಆಂಪ್ಲಿಫೈಯರ್. ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ತರಿಸಿದ ಬೋರ್ಡು. ತಾಮ್ರದ ಕಡೆಯಿಂದ ಎಡದಿಂದ ಬಲಕ್ಕೆ ಎಣಿಸಿ ಎಲ್ಲ ಕಡಿತಗಳನ್ನೂ ಮಾಡಿದೆ. ತಿರುಗಿಸಿ ಐಸಿ ಇಟ್ಟು ನೋಡಿದರೆ ಕಡಿತಗಳೆಲ್ಲ ಬೋರ್ಡಿನ ಆಚೆ ಅರ್ಧದಲ್ಲಿ. ಆ ಸಂಜೆಯ ಬೇಸರ ಇನ್ನೂ ಮರೆತಿಲ್ಲ. ಅದಕ್ಕೇ ಯಾರಿಗೆ ಕಲಿಸುವಾಗಲೂ ಈ ಹೆಜ್ಜೆಗೆ ಅತಿ ಹೆಚ್ಚು ಹೊತ್ತು ಕೊಡುತ್ತೇನೆ.

ಬೋರ್ಡನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಎಡ ಬಲವಾಗುತ್ತದೆ, ಕಖಗ ಕ್ರಮ ಹಾಗೇ ಉಳಿಯುತ್ತದೆ. 22 ತೂತಿನ ಬೋರ್ಡಿನಲ್ಲಿ ಬರಿದು ಮುಖದ ಕಡೆ ಎಡದಿಂದ 16ನೆಯದು ತಾಮ್ರದ ಕಡೆ ಎಡದಿಂದ ಏಳನೆಯದು. 23ರಿಂದ ಕಳೆದರೆ ಸಿಗುತ್ತದೆ. ಈ ನಕ್ಷೆಯಲ್ಲಿ ಇನ್ನೂ ಸೂಕ್ಷ್ಮವಾದ ಅಪಾಯವಿದೆ. ಐಸಿ ಸರಿಯಾಗಿ ನಡುವೆ ಕೂತಿರುವುದರಿಂದ 11 ಮತ್ತು 12 ಪರಸ್ಪರ ಬದಲಾಗುತ್ತವೆ. ತಪ್ಪಾಗಿ ಕಡಿದರೂ ಕಡಿತಗಳು ಐಸಿಯ ಕೆಳಗೇ ಇರುತ್ತವೆ, ನೋಡಲು ಸರಿಯಾಗಿಯೇ ಕಾಣುತ್ತವೆ. ಆದರೆ ಘ11 ಮತ್ತು ಙ12 ಎರಡೂ ಸತ್ತ ತೂತುಗಳಾಗಿ, ಓರೆ ತಂತಿ ಯಾವುದಕ್ಕೂ ಸೇರದೆ, ಗಂಟೆ ಕೂಗುವುದೇ ಇಲ್ಲ.

ಲೆಕ್ಕಕ್ಕಿಂತ ನಂಬಿಕೆಯ ಉಪಾಯ ಗುಂಡುಸೂಜಿ. ಬರಿದು ಮುಖದಿಂದ ಎಣಿಸಿ, ಕಡಿಯಬೇಕಾದ ತೂತಿಗೆ ಸೂಜಿ ಚುಚ್ಚಿ, ಬೋರ್ಡು ಮಗುಚಿ. ಸೂಜಿಯ ಮೊನೆ ಎಲ್ಲಿ ಹೊರಬಂದಿದೆಯೋ ಅಲ್ಲಿ ಮಾರ್ಕರಿನಿಂದ ಗುರುತು ಹಾಕಿ. ಐದೂ ಗುರುತು ಮುಗಿಯುವವರೆಗೆ ಏನನ್ನೂ ಕಡಿಯಬೇಡಿ.

ಪಟ್ಟಿ ಕಡಿಯುವುದು ಯಾವುದರಿಂದ?

4 ಮಿ.ಮೀ. ಡ್ರಿಲ್ ಬಿಟ್ ಕೈಯಲ್ಲೇ ಹಿಡಿದು, ಮೊನೆಯನ್ನು ತೂತಿಗೆ ಇಟ್ಟು ಮೂರು ನಾಲ್ಕು ಸುತ್ತು ತಿರುಗಿಸಿ. ಬಿಟ್ಟಿನ ಹಿಂಬದಿಗೆ ಬಟ್ಟೆ ಸುತ್ತಿಕೊಂಡರೆ ಬೆರಳು ನೋಯುವುದಿಲ್ಲ. ಮೆಷಿನ್ನಿಗೆ ಸಿಕ್ಕಿಸಬೇಡಿ, ಕ್ಷಣದಲ್ಲಿ ಬೋರ್ಡು ದಾಟಿ ಹೋಗುತ್ತದೆ. ತಾಮ್ರದ ಎರಡೂ ಅಂಚು ಪೂರ್ತಿ ಹೋಗಿರಬೇಕು. ಕೂದಲೆಳೆಯಷ್ಟು ಉಳಿದರೂ ಕರೆಂಟಿಗೆ ಅದು ದಾರಿ. ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಮಲ್ಟಿಮೀಟರಿನ ಬೀಪ್ ಇಟ್ಟು ಎರಡು ಕಡೆ ಮುಟ್ಟಿಸಿ.

ಬೋರ್ಡನ್ನೇ ತುಂಡು ಮಾಡಲು ತೂತುಗಳ ಸಾಲಿನ ಮೇಲೆ ಹ್ಯಾಕ್ಸಾ ಬ್ಲೇಡಿನಿಂದ ಎರಡೂ ಕಡೆ ಗೀರಿ, ಮೇಜಿನ ಅಂಚಿಗೆ ಒತ್ತಿ ಮುರಿಯಿರಿ. ಒಂದು ಸಾಲು ತೂತು ಹಾಳಾಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ರೆಸಿಸ್ಟರ್ ಮಲಗಿಸಲು ಜಾಗ ಸಾಲುತ್ತಿಲ್ಲ. ಏನು ಮಾಡಲಿ?

ಕಾಲು ವ್ಯಾಟಿನ ರೆಸಿಸ್ಟರಿನ ಮೈಯೇ ಆರು ಮಿಲಿಮೀಟರಿಗಿಂತ ಉದ್ದ. ಆರಾಮವಾಗಿ ಮಲಗಲು ನಾಲ್ಕು ಹೆಜ್ಜೆ ಬೇಕು. ಅಷ್ಟಿಲ್ಲದ ಕಡೆ ಒಂದು ಕಾಲನ್ನು ಮಡಚಿ ನಿಲ್ಲಿಸಿ. ನಿಲ್ಲಿಸಿದ ರೆಸಿಸ್ಟರಿನ ಮಡಚಿದ ಕಾಲು ಬರಿ ತಂತಿ, ಪಕ್ಕದ್ದಕ್ಕೆ ತಗಲದಂತೆ ನೋಡಿಕೊಳ್ಳಿ. ನಕ್ಷೆಯಲ್ಲಿ 17 ಮತ್ತು 19 ಎಂದು ನಡುವೆ ಒಂದು ಸಾಲು ಬಿಟ್ಟಿರುವುದು ಅದಕ್ಕೇ.

ಇನ್ನೊಂದು ಮಾತು. ಮೊದಲ ಬೋರ್ಡಿನಲ್ಲೇ ಜಾಗ ಉಳಿಸಲು ಹೋಗಬೇಡಿ. ಈ ನಕ್ಷೆಯನ್ನು ಇನ್ನೂ ನಾಲ್ಕೈದು ಸಾಲು ಕುಗ್ಗಿಸಬಹುದು, ನಾನು ಬೇಕೆಂದೇ ಬಿಟ್ಟಿದ್ದೇನೆ. ಬೆಸುಗೆಗೆ ಕೈ ಪಳಗುವವರೆಗೆ ಗಾಳಿ ಆಡುವ ಬೋರ್ಡೇ ಒಳ್ಳೆಯದು.

ಬಿಸಿ547 ಸಿಗಲಿಲ್ಲ, ಬೇರೆ ಟ್ರಾನ್ಸಿಸ್ಟರ್ ಹಾಕಬಹುದೇ?

ಹಾಕಬಹುದು, ಕಾಲುಗಳ ಕ್ರಮ ನೋಡಿಕೊಂಡು. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಇದು ಉಲ್ಟಾ: ಎಮಿಟರ್, ಬೇಸ್, ಕಲೆಕ್ಟರ್. ಬೇಸ್ ಎರಡರಲ್ಲೂ ನಡುವೆಯೇ ಇರುವುದರಿಂದ ಚಪ್ಪಟೆ ಮುಖವನ್ನು ಎಡಕ್ಕೆ ತಿರುಗಿಸಿದರೆ ಇದೇ ನಕ್ಷೆ ನಡೆಯುತ್ತದೆ.

ಮಳೆತಟ್ಟೆ ಯಾವುದು? ಅದನ್ನೂ ಕೊಳ್ಳಬೇಕೇ?

ಬೇಡ. ಉಳಿದ ಸ್ಟ್ರಿಪ್‌ಬೋರ್ಡಿನ ತುಂಡೇ ಸಾಕು. ಹತ್ತು ಪಟ್ಟಿಗಳ, ಅಂಗೈ ಅಗಲದ ತುಂಡು ತೆಗೆದುಕೊಳ್ಳಿ. ಒಂದು ತುದಿಯಲ್ಲಿ 1, 3, 5, 7, 9ನೇ ಪಟ್ಟಿಗಳನ್ನು ತಂತಿಯಿಂದ ಸೇರಿಸಿ, ಇನ್ನೊಂದು ತುದಿಯಲ್ಲಿ 2, 4, 6, 8, 10 ಸೇರಿಸಿ. ತಂತಿ ಬರಿದು ಮುಖದ ಮೇಲೆ ಓಡಲಿ, ಬೇಕಾದ ಪಟ್ಟಿಯ ತೂತಿನಲ್ಲಿ ಮಾತ್ರ ಕೆಳಗಿಳಿಯಲಿ. ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ಹೊಕ್ಕಂತೆ ಆಗುತ್ತದೆ. ತಾಮ್ರದ ಮುಖ ಆಕಾಶಕ್ಕೆ. ಪಟ್ಟಿಗಳ ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸು, ಒಂದೇ ಹನಿ ಎರಡನ್ನೂ ಮುಟ್ಟುತ್ತದೆ.

ಬರಿ ತಾಮ್ರವನ್ನು ಹಾಗೇ ಬಿಟ್ಟರೆ ಒಂದೆರಡು ಮಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಒದ್ದೆಯಲ್ಲಿ ಒಂದೇ ದಿಕ್ಕಿಗೆ ಕರೆಂಟು ಹರಿಯುವುದರಿಂದ ಒಂದು ಸಾಲು ಪಟ್ಟಿ ಬೇಗ ತಿಂದುಹೋಗುತ್ತದೆ ಕೂಡ. ಎಲ್ಲ ಪಟ್ಟಿಗಳ ಮೇಲೂ ತೆಳುವಾಗಿ ಬೆಸುಗೆ ಸವರಿ. ಗಂಟೆ ಕೂಗಿ ಟಾರ್ಪಲ್ ಹೊದಿಸಿದ ಮೇಲೆ ಸ್ವಿಚ್ ಆರಿಸಿ.

ಬೆಳಗಿನ ಇಬ್ಬನಿಗೂ ಕೂಗುತ್ತದೆ. ತಪ್ಪೇನು?

ತಪ್ಪಿಲ್ಲ, ಒದ್ದೆ ಒದ್ದೆಯೇ. ಡಿಸೆಂಬರ್, ಜನವರಿಯ ಮಂಜು ಇಲ್ಲಿ ಸಣ್ಣ ಮಳೆಯಷ್ಟೇ ನೆನೆಸುತ್ತದೆ. ಬೇಸಿನಿಂದ ಗ್ರೌಂಡಿಗೆ 100ಕೆ ರೆಸಿಸ್ಟರ್ ಸೇರಿಸಿದರೆ ಸೂಕ್ಷ್ಮತೆ ಕಡಿಮೆಯಾಗುತ್ತದೆ. ನಕ್ಷೆಯಲ್ಲಿ ಖ6–ಛ6 ಅದಕ್ಕೆಂದೇ ಖಾಲಿಯಿದೆ. ಆಗಲೂ ಕೂಗಿದರೆ 47ಕೆ. ತಟ್ಟೆಯನ್ನು ಓರೆಯಾಗಿ ಇಟ್ಟರೆ ನೀರು ಬೇಗ ಜಾರಿ ಒಣಗುತ್ತದೆ.

ಬ್ಯಾಟರಿ ಎಷ್ಟು ದಿನ ಬರುತ್ತದೆ?

ಸುಮ್ಮನಿದ್ದಾಗಲೂ ಸಾಮಾನ್ಯ 555 ಕೆಲವು ಮಿಲಿಆಂಪ್ ಕುಡಿಯುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿ ಹಗಲೂ ರಾತ್ರಿ ಬಿಟ್ಟರೆ ಮೂರು ದಿನ ಬಂದರೆ ಹೆಚ್ಚು. ಆರು ಪೆನ್‌ಸೆಲ್ ಸರಣಿಯಲ್ಲಿ ಹಾಕಿದರೆ ವಾರ ದಾಟುತ್ತದೆ. ಅಡಾಪ್ಟರ್ ಒಂದನ್ನೇ ನಂಬಬೇಡಿ, ಮಳೆ ಬಂದ ಹೊತ್ತಿಗೇ ಇಲ್ಲಿ ಕರೆಂಟು ಹೋಗುವುದು. ಅಡಾಪ್ಟರಿನ ಪ್ಲಸ್ಸಿಗೊಂದು, ಬ್ಯಾಟರಿಯ ಪ್ಲಸ್ಸಿಗೊಂದು 1ಎನ್4007 ಡಯೋಡ್ ಹಾಕಿ ಎರಡೂ ಡಯೋಡಿನ ಬೆಳ್ಳಿ ಗೆರೆಯ ಕಾಲುಗಳನ್ನು ಕ ಪಟ್ಟಿಗೆ ಸೇರಿಸಿ. ಮೈನಸ್ಸುಗಳೆರಡೂ ಖ ಪಟ್ಟಿಗೆ.

ಬೆಸುಗೆ ಹಾಕುವ ಕ್ರಮ ಏನು?

ಗಿಡ್ಡದ್ದು ಮೊದಲು: ಜಂಪರ್, ಮಲಗಿದ ರೆಸಿಸ್ಟರ್, ಸಾಕೆಟ್, ನಿಂತ ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್. ಐಸಿ ಎಲ್ಲಕ್ಕಿಂತ ಕೊನೆಗೆ. 25 ವ್ಯಾಟಿನ ಐರನ್ ಸಾಕು. ಒಂದೊಂದು ಕಾಲು ಬೆಸೆದಾಗಲೂ ನಕ್ಷೆಯಲ್ಲಿ ಅದರ ಮೇಲೆ ಟಿಕ್ ಹಾಕಿ.

ಮಳೆಗಾಲದ ತೇವಕ್ಕೆ ತಾಮ್ರವೂ ಕಾಲುಗಳೂ ಮಂಕಾಗಿ ಬೆಸುಗೆ ಹಿಡಿಯುವುದಿಲ್ಲ, ಮಣಿಯಂತೆ ಉರುಳಿ ಹೋಗುತ್ತದೆ. ಇದು ಕೊಡಗಿನಲ್ಲಿ ಎಲ್ಲರಿಗೂ ಕಾಡುವ ತೊಂದರೆ. ಪಟ್ಟಿಗಳನ್ನು ಪೆನ್ನಿನ ಗಟ್ಟಿ ರಬ್ಬರಿನಿಂದ ಹೊಳೆಯುವವರೆಗೆ ಉಜ್ಜಿ, ಕಾಲುಗಳನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಉಳಿದ ಬೋರ್ಡನ್ನು ಅಕ್ಕಿ ತುಂಬಿದ ಡಬ್ಬದಲ್ಲೋ ಬಿಗಿ ಮುಚ್ಚಳದ ಡಬ್ಬದಲ್ಲೋ ಇಡಿ. ಕೆಲಸ ಮುಗಿದು ಪರೀಕ್ಷೆಯಾದ ಮೇಲೆ ತಾಮ್ರದ ಮುಖಕ್ಕೆ ಪಾರದರ್ಶಕ ವಾರ್ನಿಷ್ ಒಂದು ಕೈ ಬಳಿಯಿರಿ. ಮಳೆತಟ್ಟೆಗೆ ಮಾತ್ರ ಬಳಿಯಬಾರದು.

ಬ್ಯಾಟರಿ ಕೊಡುವ ಮೊದಲು ಏನೇನು ನೋಡಬೇಕು?

ಪಟ್ಟಿಗಳ ಸಂದುಗಳಲ್ಲಿ ಹರಿತವಾದ ಚಾಕುವಿನ ತುದಿಯನ್ನು ಒಮ್ಮೆ ಎಳೆಯಿರಿ. ಕಾಣದ ಬೆಸುಗೆ ಎಳೆಗಳು ಅಲ್ಲಿ ಅಡಗಿರುತ್ತವೆ. ಆಮೇಲೆ ಐಸಿ ಇಲ್ಲದೆ, ಮಲ್ಟಿಮೀಟರನ್ನು ಬೀಪಿಗೆ ಇಟ್ಟು ಪಕ್ಕಪಕ್ಕದ ಪಟ್ಟಿಗಳನ್ನು ಮುಟ್ಟಿ ನೋಡಿ. ಕ ಮತ್ತು ಖ ನಡುವೆ ಬೀಪ್ ಬಂದರೆ ಅಲ್ಲೇ ನಿಲ್ಲಿ. 100 ಮೈಕ್ರೋಫ್ಯಾರಡ್ ಇರುವುದರಿಂದ ಕ್ಷಣಕಾಲ ಕೂಗಿ ನಿಂತರೆ ಭಯವಿಲ್ಲ, ಕೂಗುತ್ತಲೇ ಇದ್ದರೆ ಶಾರ್ಟ್. ಜಂಪರ್ ಇರುವುದರಿಂದ ಬೀಪ್ ಬರಲೇಬೇಕಾದ ಕಡೆ ನಾಲ್ಕು: ಸಾಕೆಟ್ಟಿನ 2 ಮತ್ತು 6ನೇ ಕಾಲು, ಕ ಮತ್ತು ಜ ಪಟ್ಟಿ, ಖ ಪಟ್ಟಿ ಮತ್ತು ಸಾಕೆಟ್ಟಿನ 1ನೇ ಕಾಲು, ಕ ಪಟ್ಟಿ ಮತ್ತು ಸಾಕೆಟ್ಟಿನ 8ನೇ ಕಾಲು.

ಬ್ಯಾಟರಿ ಕೊಟ್ಟು, ಇನ್ನೂ ಐಸಿ ಹಾಕದೆ, ಸಾಕೆಟ್ಟಿನ 1 ಮತ್ತು 8ರ ನಡುವೆ 9 ವೋಲ್ಟ್ ಇದೆಯೇ ಅಳೆಯಿರಿ. ಬ್ಯಾಟರಿ ತೆಗೆದು ಐಸಿ ಕೂರಿಸಿ, ಮತ್ತೆ ಕೊಟ್ಟು, ಒದ್ದೆ ಬೆರಳಿನಿಂದ ಮಳೆತಟ್ಟೆ ಮುಟ್ಟಿ.

ಎಲ್ಲ ಸರಿಯಿದೆ, ಆದರೂ ಸದ್ದು ತೀರಾ ಸಣ್ಣದು.

ಪೀಜೋ ಡಿಸ್ಕನ್ನು ಗಾಳಿಯಲ್ಲಿ ತೂಗುಬಿಟ್ಟರೆ ಅದಕ್ಕೆ ದನಿಯಿಲ್ಲ. ಪ್ಲಾಸ್ಟಿಕ್ ಡಬ್ಬದ ಮುಚ್ಚಳಕ್ಕೆ ಸಣ್ಣ ತೂತು ಕೊರೆದು, ಡಿಸ್ಕಿನ ಅಂಚಿಗೆ ಮಾತ್ರ ಗೋಂದು ಹಚ್ಚಿ ಒಳಗಿನಿಂದ ಅಂಟಿಸಿ. 22ಕೆ ಬದಲು 18ಕೆ ಅಥವಾ 27ಕೆ ಹಾಕಿ ನೋಡಿ. ಒಂದೊಂದು ಡಿಸ್ಕು ಒಂದೊಂದು ಸ್ವರಕ್ಕೆ ಬಾಯಿ ಬಿಡುತ್ತದೆ.

ಇದೇ ಬೋರ್ಡಿನಿಂದ 230 ವೋಲ್ಟಿನ ಸೈರನ್ ಅಥವಾ ಪಂಪ್ ನಡೆಸಬಹುದೇ?

ಬೇಡ. ಅರ್ಧ ಮಿಲಿಮೀಟರಿನ ಸಂದು ಮನೆಯ ಕರೆಂಟಿಗೆ ಬೇಲಿಯೇ ಅಲ್ಲ, ಅದರಲ್ಲೂ ಇಲ್ಲಿನ ತೇವದಲ್ಲಿ. ಸ್ಟ್ರಿಪ್‌ಬೋರ್ಡಿನ ಮೇಲೆ 230 ವೋಲ್ಟ್ ತರಲೇಬಾರದು. ಅಂಥ ಅಗತ್ಯವಿದ್ದರೆ ಬೇರೆ ಡಬ್ಬದಲ್ಲಿ ತಯಾರಾದ ರಿಲೇ, ವೈರಿಂಗ್ ಬಲ್ಲವರ ಕೈಯಿಂದ.

ಮಳೆತಟ್ಟೆ ಎಲ್ಲಿ ಕಟ್ಟಬೇಕು?

ಮನೆಯ ಸೂರಿನ ಕೆಳಗೂ ಅಲ್ಲ, ಸಿಲ್ವರ್ ಓಕ್ ನೆರಳಲ್ಲೂ ಅಲ್ಲ. ಮರದ ಹನಿ ಮಳೆ ನಿಂತ ಮೇಲೂ ಉದುರುತ್ತದೆ. ಕಣದ ಅಂಚಿಗೆ ಒಂದು ಗೂಟ ನೆಟ್ಟು, ಎದೆಯೆತ್ತರಕ್ಕೆ, ನಿಮ್ಮಲ್ಲಿ ಮಳೆ ಯಾವ ದಿಕ್ಕಿನಿಂದ ಬೀಸಿ ಬರುತ್ತದೋ ಆ ಕಡೆಗೆ ಓರೆಯಾಗಿ ಮೊಳೆ ಹೊಡೆಯಿರಿ. ತಂತಿ ಹತ್ತಿಪ್ಪತ್ತು ಮೀಟರ್ ಉದ್ದವಾದರೆ ಟ್ಯೂಬ್‌ಲೈಟ್ ಹಾಕಿದಾಗಲೋ ಮೋಟಾರ್ ಶುರುವಾದಾಗಲೋ ಒಮ್ಮೊಮ್ಮೆ ಚಿಕ್ಕದಾಗಿ ಕೂಗೀತು. ಖ4–ಛ4ಕ್ಕೆ ಇನ್ನೊಂದು 104 ಬೆಸೆದರೆ ನಿಲ್ಲುತ್ತದೆ. ಬೋರ್ಡು, ಬ್ಯಾಟರಿ, ಪೀಜೋ ಮೂರೂ ಮನೆಯೊಳಗೆ, ರಾತ್ರಿ ಮಲಗುವ ಕೋಣೆಯ ಹತ್ತಿರ ಇರಲಿ.